ಗೋಡೆಗಿಂತ ಗಾಜೇ ಹೆಚ್ಚು

ಕ್ರಿಕೆಟ್ ಪಿಚ್ಚಿನಲ್ಲಿ ವಿಕೆಟ್ಟಿನಿಂದ ವಿಕೆಟ್ಟಿಗೆ 66 ಅಡಿ. ಅಂಥ ಎರಡು ಪಿಚ್ಚುಗಳನ್ನು ಉದ್ದಕ್ಕೆ ಹಾಸಿದ ಮೇಲೂ ಬೌಲರ್ ಓಡಿಬರಲು 30 ಅಡಿ ಜಾಗ ಮಿಗುವಂಥ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಉದ್ದ ಸುಮಾರು 162 ಅಡಿ, ಎತ್ತರ 26 ಅಡಿ. ಅದನ್ನು ಹಾಗೇ ಎತ್ತಿ ಎರಡನೇ ಮಹಡಿಯಲ್ಲಿ ಕೂರಿಸಿ. ಒಂದು ಬದಿಯ ಗೋಡೆಗೆ ಆಳೆತ್ತರವನ್ನೂ ಮೀರಿದ ಗಾಜಿನ ಕಿಟಕಿಗಳನ್ನು ಇಡಿ. ಇಸವಿ 1597. ವಿದ್ಯುತ್ತಿಲ್ಲ, ಸಿಮೆಂಟಿಲ್ಲ. ಇಷ್ಟು ದೊಡ್ಡ ಕೋಣೆ ಯಾತಕ್ಕೆ ಎಂದು ಕೇಳಿದರೆ ಉತ್ತರ ಬಹಳ ಸರಳ: ಮಳೆ, ಹಿಮ ಬೀಳುವಾಗ ಮನೆಯವರು ಒಳಗೇ ಅಡ್ಡಾಡಲಿಕ್ಕೆ. ವಾಕಿಂಗ್‌ಗೆ.

ಇದು ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್. ಗುಡ್ಡದ ನೆತ್ತಿಯ ಮೇಲೆ ಆರು ಗೋಪುರಗಳನ್ನು ಎತ್ತಿಕೊಂಡು ನಿಂತಿರುವ ಈ ಮನೆ ಎಂ1 ಹೆದ್ದಾರಿಯಲ್ಲಿ ಹೋಗುವವರಿಗೂ ದೂರದಿಂದ ಕಾಣುತ್ತದೆ. ಹ್ಯಾರಿ ಪಾಟರ್ ಸಿನಿಮಾ ನೋಡಿದವರು ಅದರ ಹೊರರೂಪವನ್ನು ಆಗಲೇ ಕಂಡಿದ್ದಾರೆ. ಖಳರ ಕುಟುಂಬವಾದ ಮಾಲ್‌ಫಾಯ್‌ಗಳ ಬಂಗಲೆಯಾಗಿ ತೋರಿಸಿದ್ದು ಇದನ್ನೇ. ಆ ಸೀಮೆಯ ಜನ ಈ ಮನೆಯ ಬಗ್ಗೆ ಒಂದು ಪ್ರಾಸದ ಮಾತು ಹೇಳುತ್ತಾರೆ. ಗೋಡೆಗಿಂತ ಗಾಜೇ ಹೆಚ್ಚು ಎಂಬುದು ಅದರ ತಾತ್ಪರ್ಯ. ಈಗಿನ ಸಾಫ್ಟ್‌ವೇರ್ ಕಂಪನಿಗಳ ಕಟ್ಟಡ ನೋಡಿ ಬೆಳೆದವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ವಿಶೇಷ ತಿಳಿಯಬೇಕಾದರೆ ಮೊದಲು ಕಟ್ಟಿಸಿದವಳ ಲೆಕ್ಕ ನೋಡಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವಲ್ಲ, ಈಕೆ ಎರಡನ್ನೂ ನಾಲ್ಕು ನಾಲ್ಕು ಸಲ ನೋಡಿದವಳು. ಎಲಿಜಬೆತ್ ಹಾರ್ಡ್‌ವಿಕ್, ಇತಿಹಾಸಕ್ಕೆ ಬೆಸ್. ಹುಟ್ಟಿದ್ದು 1527ರ ಸುಮಾರಿಗೆ, ಇದೇ ಗುಡ್ಡದ ಮೇಲಿದ್ದ ಸಾಧಾರಣ ಜಮೀನ್ದಾರನ ಮನೆಯಲ್ಲಿ. ಕೂಸಿಗೆ ತಿಳಿವಳಿಕೆ ಬರುವ ಮೊದಲೇ ಅಪ್ಪ ತೀರಿಕೊಂಡ. ಒಬ್ಬೊಬ್ಬ ಮಗಳ ಮದುವೆಗೆ ಅವನು ಉಯಿಲಿನಲ್ಲಿ ಬರೆದಿಟ್ಟಿದ್ದು 40 ಮಾರ್ಕ್. ಮಾರ್ಕ್ ಎಂಬುದು ನಾಣ್ಯವಲ್ಲ, ಲೆಕ್ಕಕ್ಕೆ ಇಟ್ಟುಕೊಂಡ ಹೆಸರು. ಒಂದು ಮಾರ್ಕ್ ಎಂದರೆ 13 ಶಿಲ್ಲಿಂಗ್ 4 ಪೆನ್ಸ್. ಆಣೆ, ಪೈ ಕಾಲದ ಗುಣಾಕಾರ ಮಾಡಿದ ಅಜ್ಜಂದಿರು ಇದನ್ನು ಬಾಯಲ್ಲೇ ಹೇಳಿಬಿಡುತ್ತಿದ್ದರು. ಪೌಂಡಿಗೆ 240 ಪೆನ್ಸ್ ಎಂದು ಹಿಡಿದರೆ 40 ಮಾರ್ಕಿಗೆ ಸರಿಯಾಗಿ 6,400 ಪೆನ್ಸ್. ಬೆಸ್ ಬದುಕಿನ ಬಂಡವಾಳ ಅಷ್ಟೇ.

ಮೊದಲ ಗಂಡ ಹುಡುಗನಾಗಿದ್ದಾಗಲೇ ಸತ್ತ. ಎರಡನೆಯವನು ಸರ್ ವಿಲಿಯಂ ಕ್ಯಾವೆಂಡಿಶ್, ರಾಜನ ಖಜಾನೆಯ ವ್ಯವಹಾರ ಬಲ್ಲವನು. ಇವರಿಬ್ಬರೂ 1549ರಲ್ಲಿ 600 ಪೌಂಡ್ ಕೊಟ್ಟು ಚಾಟ್ಸ್‌ವರ್ತ್ ಎಂಬ ಜಹಗೀರು ಕೊಂಡರು. ಬೆಸ್‌ಳ ಕೈಯಲ್ಲಿ ಎದ್ದ ಮೊದಲ ದೊಡ್ಡ ಮನೆ ಅಲ್ಲಿಯದು. ಎಂಟು ಮಕ್ಕಳಾದವು, ಆರು ಉಳಿದವು. ಮೂರನೆಯವನು ಸರ್ ವಿಲಿಯಂ ಸೇಂಟ್ ಲೋ. ನಾಲ್ಕನೆಯವನು ಶ್ರೂಸ್‌ಬರಿಯ ಅರ್ಲ್ ಜಾರ್ಜ್ ಟಾಲ್‌ಬಟ್. ದೇಶದ ದೊಡ್ಡ ಸಿರಿವಂತರಲ್ಲಿ ಒಬ್ಬ. ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 1569ರಿಂದ 15 ವರ್ಷ ಸೆರೆಯಲ್ಲಿಟ್ಟು ಕಾಯುವ ಕೆಲಸ ಇವನ ತಲೆಗೆ ಬಂತು. ಅದರಲ್ಲಿ ಅವನ ದುಡ್ಡೂ ಹೋಯಿತು, ಗಂಡಹೆಂಡಿರ ನಡುವಿನ ಮಾತೂ ಹೋಯಿತು. (ಹಾರ್ಡ್‌ವಿಕ್‌ನಲ್ಲಿ ಇಂದಿಗೂ ಮೇರಿ ರಾಣಿಯ ಹೆಸರಿನ ಕೋಣೆಯಿದೆ. ಆಕೆಯ ತಲೆ ಕಡಿದದ್ದು 1587ರಲ್ಲಿ, ಈ ಮನೆಗೆ ಬುನಾದಿ ತೋಡಿದ್ದು 1590ರಲ್ಲಿ. ಅಲ್ಲಿ ಆಕೆ ಮಲಗಿದ್ದು ಹೇಗೆ ಎಂಬುದನ್ನು ಕಥೆ ಹೇಳುವವರೇ ಹೇಳಬೇಕು.)

ಗಂಡನ ಜೊತೆ ಮುರಿದುಕೊಂಡು ಬೆಸ್ ತೌರಿನ ಗುಡ್ಡಕ್ಕೆ ಬಂದಳು. ಹಳೆಯ ಮನೆಯನ್ನು 1587ರಲ್ಲಿ ಹಿಗ್ಗಿಸತೊಡಗಿದಳು. ಆ ಕೆಲಸ ಇನ್ನೂ ನಡೆಯುತ್ತಿರುವಾಗಲೇ, 1590ರಲ್ಲಿ, ಕೂಗಳತೆಯಲ್ಲಿ ಇನ್ನೊಂದು ಹೊಸ ಮನೆಗೆ ಗೆರೆ ಎಳೆಸಿದಳು. ಅದೇ ವರ್ಷ ನವೆಂಬರಿನಲ್ಲಿ ಅರ್ಲ್ ಸತ್ತ. ವಿಧವೆಯ ಪಾಲು ಕೈಗೆ ಬಂತು. ಈಗ ಎಲಿಜಬೆತ್ ರಾಣಿಯನ್ನು ಬಿಟ್ಟರೆ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಹೆಂಗಸು ಈಕೆಯೇ ಎಂದು ಹೇಳುತ್ತಿದ್ದರು. ಎರಡು ಮನೆಗಳ ಕೆಲಸ ಅಕ್ಕಪಕ್ಕದಲ್ಲಿ ಒಟ್ಟಿಗೆ ಸಾಗಿತು. ಅಷ್ಟು ಸಾಲದೆಂಬಂತೆ 1593ರಲ್ಲಿ ಮಗ ವಿಲಿಯಂಗೆಂದು ಓಲ್ಡ್‌ಕೋಟ್ಸ್‌ನಲ್ಲಿ ನಾಲ್ಕನೆಯದಕ್ಕೂ ಕೈಹಾಕಿದಳು. ಆಕೆಗೆ ಆಗ ಅರವತ್ತು ದಾಟಿತ್ತು. ಒಂದು ಮನೆಯ ಕಾಂಪೌಂಡ್ ಗೋಡೆ ಮುಗಿಸುವಷ್ಟರಲ್ಲಿ ಕೂದಲು ನರೆತುಹೋಗುವ ನಮ್ಮಂಥವರು ಇಲ್ಲಿ ಸುಮ್ಮನೆ ಕೈಮುಗಿಯಬೇಕು.

ಈಗ ಗಾಜಿನ ವಿಷಯ.

ಆ ಕಾಲದ ಇಂಗ್ಲೆಂಡಿನಲ್ಲಿ ಗಾಜನ್ನು ಕಾಡಿನಲ್ಲಿ ಮಾಡುತ್ತಿದ್ದರು. ಮರಳು ಬೇಕು, ಗಿಡಮರಗಳನ್ನು ಸುಟ್ಟ ಬೂದಿ ಬೇಕು, ಕುಲುಮೆಗೆ ಹಗಲೂ ರಾತ್ರಿ ಕಟ್ಟಿಗೆ ಬೇಕು. ಕಟ್ಟಿಗೆ ಎಷ್ಟು ಉರಿಯುತ್ತಿತ್ತೆಂದರೆ, ಹಡಗಿಗೆ ಮರ ಉಳಿಯುವುದಿಲ್ಲ ಎಂಬ ಭಯದಿಂದ 1615ರಲ್ಲಿ ರಾಜ ಮೊದಲನೇ ಜೇಮ್ಸ್ ಗಾಜಿನ ಕುಲುಮೆಗೆ ಸೌದೆ ಹಾಕುವುದನ್ನೇ ನಿಷೇಧಿಸಿದ. ಕರಗಿದ ಗಾಜನ್ನು ಕೊಳವೆಯ ತುದಿಗೆ ಅಂಟಿಸಿಕೊಂಡು ಬಾಯಿಂದ ಊದಿ ಉದ್ದನೆಯ ಬುರುಡೆ ಮಾಡಬೇಕು. ಎರಡೂ ತುದಿ ಕತ್ತರಿಸಿ, ಬಿಸಿ ಇರುವಾಗಲೇ ಉದ್ದಕ್ಕೆ ಸೀಳಿ, ರೊಟ್ಟಿಯಂತೆ ಬಿಡಿಸಿ ಚಪ್ಪಟೆ ಮಾಡಬೇಕು. ಮನುಷ್ಯನ ಉಸಿರು ಎಷ್ಟು ಹಿಗ್ಗಿಸಬಲ್ಲದೋ ಹಾಳೆ ಅಷ್ಟೇ ಅಗಲ. ಅದರಲ್ಲೂ ಗುಳ್ಳೆ, ಸುಕ್ಕು, ಹಸಿರು ಛಾಯೆ. ಚೆನ್ನಾಗಿರುವ ಭಾಗವನ್ನು ವಜ್ರಾಕಾರದ ಸಣ್ಣ ಚೂರುಗಳಾಗಿ ಕತ್ತರಿಸಿ, ಚೂರಿಗೂ ಚೂರಿಗೂ ನಡುವೆ ಸೀಸದ ಪಟ್ಟಿ ಕೂರಿಸಿ, ಪಟ್ಟಿಗಳನ್ನು ಬೆಸೆದು ಕಿಟಕಿ ಮಾಡುತ್ತಿದ್ದರು. ಅಂದರೆ ಹಾರ್ಡ್‌ವಿಕ್‌ನ ಎತ್ತರದ ಕಿಟಕಿ ಒಂದು ಗಾಜಲ್ಲ. ಅಂಗೈಯಷ್ಟಗಲದ ಚೂರುಗಳ ಕೌದಿ ಅದು. ಒಂದೊಂದು ಚೂರಿನ ಹಿಂದೆಯೂ ಒಬ್ಬನ ಉಸಿರು, ಒಬ್ಬನ ಕತ್ತರಿ, ಒಬ್ಬನ ಬೆಸುಗೆ.

ಇಂಥ ವಸ್ತುವಿನ ಬೆಲೆ ಹೇಗಿತ್ತು ಎಂಬುದಕ್ಕೆ 1567ರ ಒಂದು ದಾಖಲೆ ಸಾಕು. ಆಲ್ನಿಕ್ ಕೋಟೆಯ ಸ್ಥಿತಿ ಪರಿಶೀಲಿಸಿದ ಅಧಿಕಾರಿ ಅದರ ಒಡೆಯನಿಗೆ ಒಂದು ಸಲಹೆ ಬರೆದ: ಒಡೆಯರು ಊರಲ್ಲಿಲ್ಲದಾಗ ಕಿಟಕಿಯ ಗಾಜುಗಳನ್ನೆಲ್ಲ ಬಿಚ್ಚಿ ಜೋಪಾನವಾಗಿ ಎತ್ತಿಡಬೇಕು, ಗಾಳಿಗೆ ಹಾಳಾಗುತ್ತಿವೆ, ರಿಪೇರಿ ಖರ್ಚು ಜಾಸ್ತಿ. ನಾವು ಊರಿಗೆ ಹೋಗುವಾಗ ಚಿನ್ನವನ್ನು ಬ್ಯಾಂಕ್ ಲಾಕರಿಗೆ ಹಾಕಿ ಹೋದಂತೆ. ಇಂಗ್ಲೆಂಡಿನ ದೊಡ್ಡ ಜಹಗೀರುದಾರ ಮನೆತನಗಳಲ್ಲಿ ಒಂದರ ಕೋಟೆಯ ಕಥೆ ಇದು. ಸುಮಾರು ಕಾಲು ಶತಮಾನ ಕಳೆದ ಮೇಲೆ ಬೆಸ್ ಅದೇ ಗಾಜಿನಿಂದ ಗೋಡೆಯನ್ನೇ ಕಟ್ಟಲು ಹೊರಟಳು.

ಆಕೆಗೆ ಅದು ಸಾಧ್ಯವಾದದ್ದಕ್ಕೆ ಕಾರಣ, ಅಂಗಡಿಗೆ ಹೋಗಬೇಕಾದ ಪ್ರಮೇಯವೇ ಇರಲಿಲ್ಲ. ಗಾಜಿಗೆ ವಿಂಗ್‌ಫೀಲ್ಡ್‌ನಲ್ಲಿ ಸ್ವಂತ ಕುಲುಮೆ. ಕಲ್ಲು ಗುಡ್ಡದ ಇಳಿಜಾರಿನ ಸ್ವಂತ ಗಣಿಯದು. ಚಾವಣಿಗೂ ಕಿಟಕಿಗೂ ಬೇಕಾದ ಸೀಸ, ಡಾರ್ಬಿಶೈರ್‌ನ ನೆಲದ್ದೇ. ಮರ ಅವಳದೇ ಕಾಡಿನದು. ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಕಲ್ಲುಕುಟಿಗರಿಗೆ ಕೊಟ್ಟ ಬಟವಾಡೆಯ ಕೆಳಗೆ ಬೆಸ್ ತಾನೇ ಸಹಿ ಹಾಕಿದ್ದಾಳೆ. ಮೇಸ್ತ್ರಿಯನ್ನು ನಂಬಿ ಮನೆ ಬಿಟ್ಟವಳಲ್ಲ.

ನಕ್ಷೆ ರಾಬರ್ಟ್ ಸ್ಮಿತ್‌ಸನ್‌ನದು ಎಂಬುದು ಬಲ್ಲವರ ಮಾತು. ಅವನು ಮೂಲತಃ ಕಲ್ಲುಕೆಲಸದವನು. ಲಾಂಗ್‌ಲೀಟ್, ವೊಲ್ಲಟನ್ ಎಂಬ ದೊಡ್ಡ ಮನೆಗಳಲ್ಲಿ ಕೈ ಪಳಗಿಸಿಕೊಂಡಿದ್ದ. ಆರ್ಕಿಟೆಕ್ಟ್ ಎಂಬ ಮಾತೇ ಇಂಗ್ಲಿಷರ ಬಾಯಿಗೆ ಇನ್ನೂ ಹತ್ತದಿದ್ದ ದಿನಗಳವು. 1614ರಲ್ಲಿ ಅವನು ಸತ್ತಾಗ ಗೋರಿಯ ಮೇಲೆ ಹಾಗೆ ಕೆತ್ತಿಸಿದ್ದು ಅದರ ಮೊದಮೊದಲ ಬಳಕೆಗಳಲ್ಲೊಂದು. ಅವನ ಜಾಣ್ಮೆ ಇರುವುದು ಒಂದು ಕಷ್ಟವನ್ನು ಬಿಡಿಸಿದ ರೀತಿಯಲ್ಲಿ. ಹೊರಗೋಡೆಯನ್ನೆಲ್ಲ ಕಿಟಕಿಗೆ ಬಿಟ್ಟುಕೊಟ್ಟರೆ ಭಾರ ಹೊರುವವರು ಯಾರು? ಚಳಿಯ ದೇಶ, ಕೋಣೆಗೊಂದು ಬೆಂಕಿಗೂಡು ಬೇಕು, ಹೊಗೆ ಹೋಗುವುದೆಲ್ಲಿ? ಅವನು ಮನೆಯ ನಡುವೆ ಬೆನ್ನೆಲುಬಿನಂತೆ ದಪ್ಪ ಗೋಡೆ ಎಬ್ಬಿಸಿ, ಹೊಗೆಕೊಳವೆಗಳಲ್ಲಿ ಬಹುಪಾಲನ್ನು ಅದರೊಳಗೆ ಹುದುಗಿಸಿಬಿಟ್ಟ. ಆರು ಗೋಪುರಗಳು ಮೂಲೆಗಳನ್ನು ಬಿಗಿಹಿಡಿದವು. ಉಳಿದ ಹೊರಗೋಡೆ ಕಲ್ಲಿನ ಚೌಕಟ್ಟು ಮಾತ್ರ.

ಅವನು ಸ್ವಲ್ಪ ಕಣ್ಕಟ್ಟನ್ನೂ ಮಾಡಿದ್ದಾನೆ. ಹೊರಗಿನಿಂದ ಕಿಟಕಿಗಳ ಸಾಲು ಎಡಕ್ಕೂ ಬಲಕ್ಕೂ ಕನ್ನಡಿ ಹಿಡಿದಷ್ಟು ಸಮ. ಒಳಗೆ ಹೋದರೆ ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ, ಬೆಂಕಿಗೂಡಿನ ಬೆನ್ನಿದೆ. ಇನ್ನು ಕೆಲವು ಕಿಟಕಿಗಳ ನಡುವೆ ಅಂತಸ್ತಿನ ನೆಲವೇ ಹಾದುಹೋಗಿದೆ. ಹೊರಗೆ ಒಂದೇ ಕಿಟಕಿ, ಒಳಗೆ ಎರಡು ಮಹಡಿ. ಗಾಜು ಚಿನ್ನದಂತಿದ್ದ ಕಾಲದಲ್ಲಿ ಬೆಳಕೇ ಬಾರದ ಕಡೆಗೂ ಗಾಜು ಹಾಕಿಸಿದಳಲ್ಲ, ನನಗೆ ಇಡೀ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಜಂಬ ಅದೇ ಎನಿಸುತ್ತದೆ.

ಮೂರು ಅಂತಸ್ತು. ಸಾಮಾನ್ಯವಾಗಿ ಮೇಲೆ ಹೋದಂತೆ ಮನೆ ಕುಗ್ಗುತ್ತದೆ, ಇಲ್ಲಿ ಹಿಗ್ಗುತ್ತದೆ. ಕೆಳಗೆ ಆಳುಕಾಳುಗಳ ಜಾಗ. ಸೂರು ತಗ್ಗು, ಕಿಟಕಿ ಸಣ್ಣದು. ಮಧ್ಯದಲ್ಲಿ ಬೆಸ್‌ಳ ದಿನನಿತ್ಯದ ಸಂಸಾರ, ಕಿಟಕಿ ದೊಡ್ಡದು. ಎಲ್ಲಕ್ಕೂ ಮೇಲೆ ರಾಜಮರ್ಯಾದೆಯ ಕೋಣೆಗಳು. ಅಲ್ಲಿ ಕಿಟಕಿಯೇ ಗೋಡೆ. ಅಲ್ಲಿಗೆ ಏರುವ ಕಲ್ಲಿನ ಮೆಟ್ಟಿಲು ಮನೆಯ ಹೊಟ್ಟೆಯನ್ನೇ ಸೀಳಿಕೊಂಡು ಬಳಸಿ ಬಳಸಿ ಹೋಗುತ್ತದೆ. ಮೆಟ್ಟಿಲು ಮುಗಿದ ಕಡೆ ದರ್ಬಾರಿನ ಕೋಣೆ: ಉದ್ದ ಸುಮಾರು 65 ಅಡಿ, ಅಗಲ 33. ಬೆಂಗಳೂರಿನವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ ಸುಮಾರು ಎರಡು 30×40 ಸೈಟು, ಕಂಬವೊಂದೂ ಇಲ್ಲದೆ. ರಾಣಿ ಬಂದರೆ ಕೂರಿಸಬೇಕೆಂಬ ಆಸೆ ಇದ್ದಿರಬೇಕು. ಎಲಿಜಬೆತ್ ರಾಣಿ ಒಂದು ದಿನವೂ ಬರಲಿಲ್ಲ.

ಅಡ್ಡಾಡುವ ಆ ಉದ್ದನೆ ಕೋಣೆಯ ಇನ್ನೊಂದು ಬದಿಯ ಗೋಡೆಯಲ್ಲಿ ಬೇರೊಂದು ಲೆಕ್ಕವಿದೆ. 13 ಟ್ಯಾಪೆಸ್ಟ್ರಿಗಳು, ಅಂದರೆ ಉಣ್ಣೆ ಮತ್ತು ರೇಷ್ಮೆಯಲ್ಲಿ ನೆಯ್ದ ಚಿತ್ರದ ಪರದೆಗಳು. ಬೈಬಲ್ಲಿನ ಗಿಡಿಯನ್ ಎಂಬ ವೀರನ ಕಥೆ. ಎತ್ತರ ಸುಮಾರು 6 ಮೀಟರ್. ಎಲ್ಲವನ್ನೂ ಪಕ್ಕಪಕ್ಕ ಬಿಡಿಸಿದರೆ 70 ಮೀಟರಿಗೂ ಮಿಕ್ಕ ಅಗಲ. ಗುಣಿಸಿ ನೋಡಿ: 420 ಚದರ ಮೀಟರ್, ನಮ್ಮ ಲೆಕ್ಕಕ್ಕೆ ನಾಲ್ಕು ಸೈಟಿಗೆ ಸ್ವಲ್ಪ ಕಡಿಮೆ. ಅಷ್ಟೂ ಕೈಮಗ್ಗದ ನೇಯ್ಗೆ. ಇವನ್ನು 1578ರಲ್ಲಿ ನೇಯಿಸಿದ್ದು ರಾಣಿಯ ಆಪ್ತ ಸರ್ ಕ್ರಿಸ್ಟಫರ್ ಹ್ಯಾಟನ್. ಅವನು ಸಾಲ ಬಿಟ್ಟು ಸತ್ತ. ಬೆಸ್ ಲಂಡನ್ನಿಗೆ ಹೋಗಿ ಅಷ್ಟನ್ನೂ ಸುಮಾರು 326 ಪೌಂಡಿಗೆ ಕೊಂಡಳು. ಆಗಿನ ಕೂಲಿಯವನಿಗೆ ದಿನಕ್ಕೆ ಆರು ಪೆನ್ಸ್ ಸಿಕ್ಕರೆ ಅದು ಒಳ್ಳೆಯ ಕೂಲಿ. ವರ್ಷಕ್ಕೆ 300 ದಿನ ದುಡಿದು, ಒಂದು ತುತ್ತೂ ತಿನ್ನದೆ ಕೂಡಿಟ್ಟರೆ 43 ವರ್ಷದ ದುಡಿಮೆ.

ಆದರೆ ಇದರಲ್ಲಿ ಒಂದು ಚೌಕಾಶಿ ಇದೆ, ಬೆಸ್ ಎಂಥವಳು ಎಂಬುದು ಅದರಲ್ಲೇ ತಿಳಿಯುತ್ತದೆ. ಪರದೆಗಳ ಮೇಲೆಲ್ಲ ಹ್ಯಾಟನ್‌ನ ಲಾಂಛನ ನೆಯ್ದುಬಿಟ್ಟಿತ್ತು. ಅದನ್ನು ಬದಲಿಸಬೇಕಲ್ಲ, ಖರ್ಚು ಬರುತ್ತದೆ ಎಂದು ಬೆಸ್ 5 ಪೌಂಡ್ ಮುರಿದುಕೊಂಡಳು. ಮುರಿದುಕೊಂಡು ಮಾಡಿದ್ದೇನು? ತನ್ನ ಲಾಂಛನವನ್ನು ಬಟ್ಟೆಯ ತುಂಡುಗಳ ಮೇಲೆ ಬಣ್ಣದಲ್ಲಿ ಬರೆಸಿ, ಹ್ಯಾಟನ್‌ನದರ ಮೇಲೆ ತೇಪೆ ಹಾಕಿಸಿದಳು. ಅವನ ಮನೆತನದ ಗುರುತು ಹೆಣ್ಣು ಜಿಂಕೆ, ಕ್ಯಾವೆಂಡಿಶ್‌ಗಳ ಗುರುತು ಗಂಡು ಜಿಂಕೆ. ಇದಕ್ಕೆ ಹೊಸದಾಗಿ ನೇಯಿಸುವುದೇಕೆ? ಹೆಣ್ಣು ಜಿಂಕೆಗಳ ತಲೆಗೆ ಕುಂಚದಿಂದ ಕೊಂಬು ಬರೆಸಿದಳು. ಕೆಲಸ ಮುಗಿಯಿತು.

ಹೊಸ ಮನೆಗೆ ಬೆಸ್ ಒಕ್ಕಲು ಬಂದದ್ದು 1597ರ ಅಕ್ಟೋಬರಿನಲ್ಲಿ. ವಯಸ್ಸು ಎಪ್ಪತ್ತರ ಸುಮಾರು. ಆರೂ ಗೋಪುರಗಳ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ಕಲ್ಲಿನಲ್ಲಿ ಕಡೆಸಿದ ಇ, ಎಸ್ ಎಂಬ ಎರಡು ಅಕ್ಷರ: ಎಲಿಜಬೆತ್ ಶ್ರೂಸ್‌ಬರಿ. ಕಟ್ಟಡದ ಕೆಲಸ ನಡೆಯುತ್ತಿರುವವರೆಗೆ ಈಕೆಗೆ ಸಾವಿಲ್ಲ ಎಂದು ಯಾರೋ ಕಣಿ ಹೇಳಿದ್ದರೆಂದೂ, ಕಡೆಗೊಂದು ಚಳಿಗಾಲದಲ್ಲಿ ಗಾರೆ ಹೆಪ್ಪುಗಟ್ಟಿ ಕೆಲಸ ನಿಂತಾಗ ಸತ್ತಳೆಂದೂ ಒಂದು ಕಥೆಯಿದೆ. ಕಣಿಯ ಮಾತು ಹಾಗಿರಲಿ, ಚಳಿ ಮಾತ್ರ ನಿಜ. ಆಕೆ ಸತ್ತದ್ದು 1608ರ ಫೆಬ್ರವರಿ 13ರಂದು; ಆ ಚಳಿಗಾಲದಲ್ಲಿ ಥೇಮ್ಸ್ ನದಿಯೇ ಗಡ್ಡೆಕಟ್ಟಿ, ಜನ ಅದರ ಮೇಲೆ ಜಾತ್ರೆ ನಡೆಸಿದ್ದರು. ಆಕೆಯನ್ನು ಡಾರ್ಬಿ ಪಟ್ಟಣದ ಚರ್ಚಿನಲ್ಲಿ ಮಣ್ಣು ಮಾಡಿದರು. ಆ ಪಟ್ಟಣದ ಹೆಸರನ್ನು ನೆನಪಿಟ್ಟುಕೊಂಡಿರಿ.

ಗಾಜಿನ ಸಡಗರಕ್ಕೆ ಮುಂದೆ ಸರ್ಕಾರದ ಕಣ್ಣು ತಾಗಿತು. 1696ರಿಂದ ಇಂಗ್ಲೆಂಡಿನಲ್ಲಿ ಕಿಟಕಿಗೆ ತೆರಿಗೆ. ಎಷ್ಟು ಕಿಟಕಿಯೋ ಅಷ್ಟು ಹಣ. ಜನ ಇಟ್ಟಿಗೆ ಇಟ್ಟು ಕಿಟಕಿಗಳನ್ನು ಮುಚ್ಚಿಕೊಂಡರು. ಹಾಗೆ ಮುಚ್ಚಿದ ಕಿಟಕಿಗಳು ಅಲ್ಲಿನ ಹಳೆಯ ಬೀದಿಗಳಲ್ಲಿ ಇಂದಿಗೂ ಕಾಣುತ್ತವೆ. ತೆರಿಗೆ ಹೋದದ್ದು 1851ರಲ್ಲಿ, 155 ವರ್ಷಗಳ ಮೇಲೆ. ಅದೇ ವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಬಾಗಿಲು ತೆರೆಯಿತು: 1,848 ಅಡಿ ಉದ್ದ, 2,93,655 ಗಾಜಿನ ಹಾಳೆ. ಒಂದು ವಾರದಲ್ಲಿ 80 ಜನ 18 ಸಾವಿರಕ್ಕೂ ಹೆಚ್ಚು ಹಾಳೆ ಕೂರಿಸಿದ್ದುಂಟು. ಇದರ ವಿನ್ಯಾಸ ಮಾಡಿದವನು ಜೋಸೆಫ್ ಪ್ಯಾಕ್ಸ್‌ಟನ್, ಒಬ್ಬ ತೋಟಗಾರ. ಎಲ್ಲಿಯ ತೋಟಗಾರ? ಬೆಸ್ ಮತ್ತು ಅವಳ ಗಂಡ 600 ಪೌಂಡಿಗೆ ಕೊಂಡ ಅದೇ ಚಾಟ್ಸ್‌ವರ್ತ್‌ನವನು. ಅವನ ಒಡೆಯ ಡೆವನ್‌ಶೈರ್‌ನ 6ನೇ ಡ್ಯೂಕ್, ಬೆಸ್‌ಳ ನೇರ ವಂಶದವನು. ಪ್ಯಾಕ್ಸ್‌ಟನ್ ಮೊದಲು ಆ ತೋಟದಲ್ಲೇ 277 ಅಡಿ ಉದ್ದದ ಗಾಜಿನ ಸಸ್ಯಾಗಾರ ಕಟ್ಟಿ ಕೈ ಕುದುರಿಸಿಕೊಂಡ. ಆಮೇಲೆ 1850ರ ಜೂನ್ ತಿಂಗಳಲ್ಲಿ ರೈಲ್ವೆ ಕಂಪನಿಯ ಸಭೆಯಲ್ಲಿ ಕೂತಿದ್ದಾಗ ಮಸಿ ಒತ್ತುವ ಕಾಗದದ ಮೇಲೆ ಕ್ರಿಸ್ಟಲ್ ಪ್ಯಾಲೇಸಿನ ಮೊದಲ ಗೀಚು ಗೀಚಿದ. ಸಭೆ ನಡೆದ ಊರು ಡಾರ್ಬಿ.

ನಮ್ಮ ಲಾಲ್‌ಬಾಗಿನ ಗಾಜಿನ ಮನೆ ಈ ಕ್ರಿಸ್ಟಲ್ ಪ್ಯಾಲೇಸನ್ನು ನೋಡಿ ಮಾಡಿದ್ದು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲಿಟ್ಟ. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಹೂವು ನೋಡಿ ಬರುವವರು ಒಂದು ಕ್ಷಣ ತಲೆಯೆತ್ತಿದರೆ, ಡಾರ್ಬಿಶೈರ್‌ನ ಮುದುಕಿಯ ಹುಚ್ಚಿನ ದೂರದ ನೆಂಟರೊಬ್ಬರು ಮೇಲೆ ಕಾಣುತ್ತಾರೆ.

ಹಾರ್ಡ್‌ವಿಕ್ ಆ ವಂಶದ ಕೈ ತಪ್ಪಿದ್ದೂ ಲೆಕ್ಕದಿಂದಲೇ. ಡೆವನ್‌ಶೈರ್‌ನ 10ನೇ ಡ್ಯೂಕ್ 1946ರಲ್ಲಿ ಆಸ್ತಿಯನ್ನು ಮಗನ ಹೆಸರಿಗೆ ಮಾಡಿಸಿದ್ದ. ಹಾಗೆ ಮಾಡಿ ಐದು ವರ್ಷ ಬದುಕಿದ್ದರೆ ಮರಣ ತೆರಿಗೆ ಇಲ್ಲ. ಅವಧಿಗೆ ಸುಮಾರು 14 ವಾರ ಬಾಕಿ ಇರುವಾಗ ಅವನು ತೀರಿಕೊಂಡ. ತೆರಿಗೆ, ನೂರಕ್ಕೆ 80. ಅದರ ಬಾಬ್ತಿಗೆ ಹೋದ ಆಸ್ತಿಗಳಲ್ಲಿ ಹಾರ್ಡ್‌ವಿಕ್ ಒಂದು. 1959ರಿಂದ ಅದು ನ್ಯಾಷನಲ್ ಟ್ರಸ್ಟಿನದು.

ಟ್ರಸ್ಟಿನವರು ಆ 13 ಟ್ಯಾಪೆಸ್ಟ್ರಿಗಳ ದುರಸ್ತಿಗೆ ಕೈಹಾಕಿದರು. ಒಟ್ಟು 24 ವರ್ಷ ಹಿಡಿಯಿತು, 17 ಲಕ್ಷ ಪೌಂಡ್ ಖರ್ಚಾಯಿತು. ಕೊನೆಯದು ಗೋಡೆಗೇರಿದ್ದು 2023ರಲ್ಲಿ. ಅವುಗಳ ಮೊದಲ ಶತ್ರು ಬೆಳಕು. ಹಳೆಯ ಬಟ್ಟೆಗೆ ವರ್ಷಕ್ಕೆ ಬೀಳಬಹುದಾದ ಬೆಳಕಿಗೆ ಟ್ರಸ್ಟು ಪಡಿತರ ಗೊತ್ತುಮಾಡಿದೆ: 1,50,000 ಲಕ್ಸ್-ಗಂಟೆ. 50 ಲಕ್ಸಿನ ಮಂದ ಬೆಳಕಿನಲ್ಲಿಟ್ಟರೆ ಅದು 3,000 ಗಂಟೆಗೆ ಬರುತ್ತದೆ. 50 ಸಾವಿರ ಲಕ್ಸಿನ ನೇರ ಬಿಸಿಲು ಬಿದ್ದರೆ ಇಡೀ ವರ್ಷದ ಪಡಿತರ ಮೂರೇ ಗಂಟೆಗೆ ಖಾಲಿ.

ಹಾಗಾಗಿ ಬೆಳಕಿಗೆಂದೇ ಕಟ್ಟಿಸಿದ ಈ ಮನೆಯ ಕಿಟಕಿಗಳಿಗೆ ಈಗ ಹಗಲಲ್ಲೇ ಪರದೆ ಇಳಿಸುತ್ತಾರೆ. ಮುಂದೆಂದಾದರೂ ಆ ಕಡೆ ಹೋದರೆ ಉದ್ದ ಕೋಣೆಯ ಬಾಗಿಲಲ್ಲಿ ಅವಸರ ಮಾಡಬೇಡಿ. ಮಬ್ಬಿಗೆ ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಿ, ಆಮೇಲೆ ಗೋಡೆಯ ಹತ್ತಿರ ಹೋಗಿ, ಬಣ್ಣದ ಕೊಂಬಿನ ಆ ಹೆಣ್ಣು ಜಿಂಕೆಗಳನ್ನು ಹುಡುಕಿ.